ಕನ್ನಡಕದವನು ದೇಶ ಆಳಿದ ದಿನ

ನನ್ನ ಕಸುಬು ಕನ್ನಡಕ ಮಾಡುವುದು. ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಹನ್ನೊಂದು ಅಡಿ ಅಗಲದ ಜಾಗ ನನ್ನದು. ಮುಂಭಾಗದಲ್ಲಿ ಫ್ರೇಮುಗಳು, ಹಿಂಭಾಗದಲ್ಲಿ ಪರದೆ ಎಳೆದ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ: "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಿ ಚೆನ್ನಾಗಿ ಕಾಣುತ್ತಾ?" ಗಾಜು ಬದಲಾಯಿಸುತ್ತೇನೆ, ಮತ್ತೆ ಕೇಳುತ್ತೇನೆ. ತೀರ್ಮಾನ ಯಾವಾಗಲೂ ಕುರ್ಚಿಯಲ್ಲಿ ಕೂತವರದ್ದು. ಇದರ ಸುಖ ಅನುಭವಿಸಿದವರಿಗೇ ಗೊತ್ತು. ಎರಡು ದಿನ ಬಿಟ್ಟು ಬಂದು "ತಲೆ ತಿರುಗುತ್ತೆ" ಅಂತ ಗಲಾಟೆ ಮಾಡಿದರೆ, "ಅಯ್ಯೋ, ನೀವೇ ಹೇಳಿದ್ರಲ್ಲ" ಅಂದುಬಿಡಬಹುದು.

ಅಂಗಡಿಯ ಮುಂಭಾಗ ನನ್ನ ಹೆಂಡತಿಯದ್ದು. ಬಂದವರ ಮುಖವನ್ನು ಒಂದು ಸಲ ನೋಡಿ, ಗೋಡೆಯ ನಾನೂರು ಫ್ರೇಮುಗಳಿಂದ ಒಂದನ್ನು ತೆಗೆದು "ಇದು" ಅನ್ನುತ್ತಾಳೆ. ಅವರು ಅರ್ಧ ಗಂಟೆ ಉಳಿದದ್ದನ್ನೆಲ್ಲ ಹಾಕಿ ನೋಡಿ ಕೊನೆಗೆ ಅದನ್ನೇ ತೆಗೆದುಕೊಂಡು ಹೋಗುತ್ತಾರೆ. ಮನೆಯಲ್ಲೂ ಹಾಗೆಯೇ. ಗೋಡೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು, ನನಗೆ ಯಾವ ಅಂಗಿ, ಎಲ್ಲ ಅವಳೇ ನೋಡಿಕೊಂಡಳು. ನಾನು ತಲೆಯಾಡಿಸುವ ಕೆಲಸವನ್ನು ಚೆನ್ನಾಗಿ ಮಾಡಿದೆ.

ಟೀವಿ ಮುಂದೆ ಮಾತ್ರ ನಾನು ಹುಲಿ.

ಶನಿವಾರ ಸಂಜೆ 'ದೇಶ ನಿಮ್ಮ ಕೈಯಲ್ಲಿ' ಅಂತ ಒಂದು ಕಾರ್ಯಕ್ರಮ ಬರುತ್ತಿತ್ತು. ನಾಲ್ಕು ಜನ ಸಾಮಾನ್ಯರನ್ನು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂರಿಸಿ, ದೇಶಕ್ಕೆ ದೊಡ್ಡ ಗಂಡಾಂತರ ಬಂದಿದೆ, ಈಗ ನೀವೇ ಸರ್ಕಾರ, ಏನು ಮಾಡುತ್ತೀರೋ ಮಾಡಿ ಅನ್ನುತ್ತಿದ್ದರು. ಒಂದು ವಾರ ಭೂಕಂಪ, ಇನ್ನೊಂದು ವಾರ ದೇಶಪೂರ್ತಿ ಕರೆಂಟ್ ಇಲ್ಲ. ಎಲ್ಲ ಆಟವೇ. ಆದರೆ ಸುಳ್ಳು ಸುದ್ದಿಗಳನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅಂದರೆ ನನ್ನ ಅತ್ತೆ ಒಮ್ಮೆ ಎದ್ದುಹೋಗಿ ಗ್ಯಾಸ್ ಆರಿಸಿ ಬಂದಿದ್ದರು.

ಅತ್ತೆ ನಮ್ಮ ಜೊತೆಯಲ್ಲೇ ಇರುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಈಗಲೂ ಯಾರಾದರೂ ಉದ್ದ ಮಾತಾಡಿದರೆ "ಮುಗೀತಾ?" ಅಂತ ಕೇಳುವ ಅಭ್ಯಾಸ. ಆ ಕಾರ್ಯಕ್ರಮ ನೋಡುವಾಗ ನಾನು ಸೋಫಾದ ತುದಿಗೆ ಬಂದು ಕಿರುಚುತ್ತಿದ್ದೆ. "ಸೇನೆ ಕರೀರಿ! ಸೇತುವೆ ಮುಚ್ಚಿ! ಇಂಥ ದಡ್ಡರನ್ನ ಎಲ್ಲಿಂದ ಹುಡುಕಿ ತರ್ತಾರಪ್ಪ!"

ಒಂದು ಶನಿವಾರ ಅತ್ತೆಗೆ ಸಾಕಾಯಿತು. "ಅಳಿಯಂದ್ರೇ, ಅಷ್ಟೆಲ್ಲ ಗೊತ್ತಿದ್ರೆ ನೀವೇ ಹೋಗಿ ಕೂತ್ಕೊಳ್ಳಿ ಅಲ್ಲಿ. ನಮ್ಮ ಕಿವಿಗಾದ್ರೂ ಬಿಡುವು ಸಿಗುತ್ತೆ" ಅಂದರು. ಮಾರನೆಯ ದಿನ ಅರ್ಜಿಯನ್ನೂ ಅವರೇ ತರಿಸಿದರು. 'ಒತ್ತಡದಲ್ಲಿ ನೀವು ಹೇಗೆ ನಿರ್ಧಾರ ಕೈಗೊಳ್ಳುತ್ತೀರಿ?' ಅಂತ ಒಂದು ಪ್ರಶ್ನೆ ಇತ್ತು. ನಾನು ತುಂಬಾ ಯೋಚಿಸಿ 'ಶಾಂತವಾಗಿ, ತಕ್ಷಣ' ಅಂತ ಬರೆದೆ. ಅದನ್ನು ಓದಿದ ನನ್ನ ಹೆಂಡತಿ ಅಡುಗೆಮನೆಗೆ ಹೋದಳು. ಒಳಗಿನಿಂದ ಪಾತ್ರೆಯ ಮುಚ್ಚಳ ಬಿದ್ದ ಸದ್ದು ಬಂತು. ನಗು ತಡೆಯಲಾರದೆ ಬೀಳಿಸಿದ್ದಂತೆ.

ಆಯ್ಕೆಯಾದೆ. ಯಾಕೆ ಅಂತ ಆಗ ಕೇಳಿಕೊಳ್ಳಲಿಲ್ಲ. ಯಾರು ಚೆನ್ನಾಗಿ ಮುಳುಗುತ್ತಾರೆ ಅಂತ ನೋಡಿಯೂ ಆರಿಸುತ್ತಾರೆ ಅನ್ನುವುದು ಆಮೇಲೆ ತಿಳಿದ ವಿಷಯ. ಒಂದು ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಕತ್ತಲೆ ಕೋಣೆಗೆ ಬಂದವರಿಗೆಲ್ಲ ಹೇಳಿದೆ. ಅವರ ಗದ್ದ ಯಂತ್ರದ ಮೇಲೆ, ಹಣೆ ಪಟ್ಟಿಗೆ ಒತ್ತಿಕೊಂಡು ಇರುತ್ತದೆ, ಪಾಪ, ಎಲ್ಲಿಗೆ ಓಡಿಹೋದಾರು? ಒಬ್ಬ ಅಜ್ಜಿ ಮಾತ್ರ "ಆಯ್ತಪ್ಪ, ದೇಶ ಆಮೇಲೆ ಆಳು, ಈ ಸಾಲಿನ ಅಕ್ಷರ ಯಾಕೋ ಮಂಜು ಮಂಜು" ಅಂದರು.

ಚಿತ್ರೀಕರಣದ ಊರು ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಹಳೆಯ ಗೋದಾಮೊಂದರ ಒಳಗೆ ಆ ಕೋಣೆ ಕಟ್ಟಿದ್ದರು. ಹೊರಗಿನಿಂದ ನೋಡಿದರೆ ಬರೀ ಪ್ಲೈವುಡ್, ಮೊಳೆಗಳು, ನೇತಾಡುವ ವಯರು. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಎದೆ ಧಸಕ್ಕೆನ್ನಬೇಕು. ಉಕ್ಕಿನ ಬಣ್ಣದ ಗೋಡೆ, ಉದ್ದನೆಯ ಮೇಜು, ಮೂರು ಬಣ್ಣದ ಫೋನುಗಳು, ಗೋಡೆಯಗಲದ ಪರದೆ. ಆಟ ನಡೆಸುವವರು ಒಬ್ಬ ನಿವೃತ್ತ ಸೇನಾಧಿಕಾರಿ. ಏರಿದ ದನಿಯಲ್ಲಿ ಮಾತಾಡುವವರಲ್ಲ. ಅದೇ ಹೆಚ್ಚು ಹೆದರಿಕೆ.

ನನ್ನ ಜೊತೆ ಮೂವರಿದ್ದರು. ಈಜು ಕಲಿಸುವಾಕೆ, ಮೂವತ್ತೈದರ ಆಸುಪಾಸು, ಗಟ್ಟಿ ಭುಜ. ಬೇಕರಿ ನಡೆಸುವ ದಪ್ಪ ಮನುಷ್ಯ. ಚರಿತ್ರೆ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು. ಚೀಟಿ ಎತ್ತಿದೆವು. ಈಜಿನಾಕೆಗೆ ಆರೋಗ್ಯ, ಬೇಕರಿಯವನಿಗೆ ಪೊಲೀಸು, ಮೇಷ್ಟ್ರಿಗೆ ಪ್ರಚಾರ. ನನ್ನ ಚೀಟಿಯಲ್ಲಿ 'ರಾಷ್ಟ್ರದ ಮುಖ್ಯಸ್ಥ' ಅಂತಿತ್ತು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

ಬೆಳಗ್ಗೆ ಒಂಬತ್ತಕ್ಕೆ ಶುರು. ಒಂಬತ್ತೂ ಇಪ್ಪತ್ತಕ್ಕೆ ಪರದೆಯ ಮೇಲೆ ಸುದ್ದಿ: ಒಂದೇ ಜಲಾಶಯದ ನೀರು ಕುಡಿಯುವ ಎರಡು ನಗರಗಳಲ್ಲಿ ನೂರಾರು ಜನಕ್ಕೆ ವಾಂತಿ. ಒಂದು ಪ್ರಯೋಗಾಲಯ ನೀರಿನಲ್ಲಿ ವಿಷ ಇದೆ ಅಂದಿತು. ಇನ್ನೊಂದು ಇಲ್ಲ ಅಂದಿತು. ಜಲಾಶಯದ ಗೇಟು ಮುಚ್ಚಿಸಿದರೆ ಬೇಸಿಗೆಯ ಮಧ್ಯೆ ಮೂವತ್ತು ಲಕ್ಷ ಜನಕ್ಕೆ ನೀರಿಲ್ಲ. ಮುಚ್ಚಿಸದಿದ್ದರೆ, ವಿಷ ನಿಜವೇ ಆಗಿದ್ದರೆ, ಮುಂದಿನದು ಹೇಳಬೇಕಿಲ್ಲ.

"ಮುಖ್ಯಸ್ಥರು ಏನಂತೀರಿ?" ಅಂದರು ಸೇನಾಧಿಕಾರಿ.

"ಇನ್ನೊಂದು ಪರೀಕ್ಷೆ ಮಾಡಿಸೋಣ" ಅಂದೆ. ಹೇಳಿದ ಕೂಡಲೇ ನನಗೇ ನನ್ನ ಮೇಲೆ ಮೆಚ್ಚುಗೆ ಬಂತು. ಎಂಥ ತೂಕದ ಮಾತು!

ಈಜಿನಾಕೆ ಮುಂದೆ ಬಾಗಿದಳು. "ಸರ್, ಪೂಲ್‌ನಲ್ಲಿ ನೀರಿನ ಬಣ್ಣ ಒಂಚೂರು ಅನುಮಾನ ಬಂದ್ರೂ ನಾನು ಮೊದ್ಲು ಎಲ್ಲರನ್ನೂ ಮೇಲೆ ಹತ್ತಿಸ್ತೀನಿ. ಪರೀಕ್ಷೆ ಎಲ್ಲ ಆಮೇಲೆ."

"ಇದು ಪೂಲ್ ಅಲ್ಲಮ್ಮ" ಅಂದೆ ನಾನು, ಕುರ್ಚಿಗೆ ಒರಗಿ. "ದೇಶ."

ಈ ಮಾತನ್ನು ಆಮೇಲೆ ವಾರಪೂರ್ತಿ ಜಾಹೀರಾತಿನಲ್ಲಿ ತೋರಿಸಿದರು.

ಬೇಕರಿಯವನು ನೀರು ನಿಲ್ಲಿಸಿದರೆ ಜನ ದಂಗೆ ಏಳುತ್ತಾರೆ ಅಂದ. ಮೇಷ್ಟ್ರು ಇನ್ನೂರು ವರ್ಷದ ಹಿಂದಿನ ಒಂದು ಬರಗಾಲದಿಂದ ಶುರು ಮಾಡಿದರು. ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಮುಚ್ಚೋದು ಸರಿಯಾ, ಮುಚ್ಚದೆ ಇರೋದು ಸರಿಯಾ? ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತು ಶುರು ಮಾಡಿದೆ. ಕುರ್ಚಿಯಲ್ಲಿ ಕೂತವನು ಈ ಸಲ ನಾನೇ ಅನ್ನುವುದು ಹೊಳೆಯಲೇ ಇಲ್ಲ.

ಹನ್ನೊಂದಕ್ಕೆ ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ ಹಸಿರು ಫೋನು ರಿಂಗಾಯಿತು. ಎತ್ತಿದೆ.

"ಸರ್, ನಾನು ಮಕ್ಕಳ ಆಸ್ಪತ್ರೆಯ ನರ್ಸ್. ಇಲ್ಲಿ ಅರವತ್ತು ಮಕ್ಕಳಿದ್ದಾರೆ. ಬಾಟ್ಲಿ ನೀರು ಖಾಲಿ ಆಯ್ತು. ನಲ್ಲಿ ನೀರು ಕೊಡಬಹುದಾ?"

"ಒಂದ್ನಿಮಿಷ ಇರಿಯಮ್ಮ" ಅಂದೆ. ರಿಸೀವರನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದೆ. ಅಷ್ಟರಲ್ಲಿ ಮೂರನೆಯ ವರದಿ ಬಂತು, 'ಸ್ಪಷ್ಟವಿಲ್ಲ' ಅಂತ. ಮೇಷ್ಟ್ರು ನನ್ನ ಭಾಷಣ ಬರೆದು ತಂದರು. ಯಾರೋ ಒಂದು ದಪ್ಪ ಫೈಲು ಕೊಟ್ಟರು. ಇಡಲು ಜಾಗ ಕಾಣದೆ ಅದನ್ನು ಆ ರಿಸೀವರಿನ ಮೇಲೇ ಇಟ್ಟೆ.

ಹನ್ನೆರಡಕ್ಕೆ ನಾನು ದೇಶವನ್ನು ಉದ್ದೇಶಿಸಿ ಮಾತಾಡಬೇಕು. ಎದುರಿಗೆ ಕ್ಯಾಮೆರಾ ತಂದಿಟ್ಟರು. ನಾಲ್ಕು ಪುಟದ ಭಾಷಣ ಕೈಯಲ್ಲಿತ್ತು. ಕೆಂಪು ದೀಪ ಹತ್ತಿತು. ನನ್ನ ಮುಖದೆದುರು ದೊಡ್ಡದೊಂದು ದುಂಡನೆಯ ಗಾಜು. ಇಪ್ಪತ್ತಾರು ವರ್ಷ ಅಂಥ ಗಾಜಿನ ಪಕ್ಕ ನಿಂತ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಗದ್ದ ಇಲ್ಲಿಡಿ. ನೇರ ನೋಡಿ. ಕಣ್ಣು ಮಿಟುಕಿಸಬೇಡಿ."

ನಾನು "ಪ್ರಿಯ ದೇಶಬಾಂಧವರೇ" ಅಂತ ಸೇರಿಸಿದೆ. ಬೇಕರಿಯವನು ಮೇಜಿನ ಕೆಳಗೆ ಏನೋ ಬಿದ್ದಿದೆ ಅನ್ನುವವನ ಹಾಗೆ ಬಗ್ಗಿದ. ತುಂಬಾ ಹೊತ್ತು ಮೇಲೆ ಬರಲಿಲ್ಲ.

ಆಮೇಲೆ ಊಟ. ರೊಟ್ಟಿ ಮತ್ತು ಬೇಯಿಸಿದ ಮೊಟ್ಟೆ ಕೊಟ್ಟರು. ನನ್ನ ಜಾಗದಲ್ಲೇ ಕೂತು ತಿಂದೆ. ಹಸಿವಾಗಿತ್ತು, ಎರಡನೆಯ ಸಲವೂ ಹಾಕಿಸಿಕೊಂಡೆ.

ಎರಡೂಕಾಲಿಗೆ ಕೊನೆಯ ವರದಿ ಬಂತು. ವಿಷ ನಿಜ. ಈಜಿನಾಕೆ ನನ್ನತ್ತ ನೋಡಿದಳು. ನಾನು ಮೇಷ್ಟ್ರತ್ತ ನೋಡಿದೆ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಹಳದಿ ಫೋನು ಎತ್ತಿ, "ಜಲಾಶಯದ ಗೇಟು ಮುಚ್ಚಿ. ಈಗಲೇ. ಹೌದು, ನಾನೇ ಹೇಳ್ತಿರೋದು" ಅಂದಳು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅಂದೆ.

ಸೇನಾಧಿಕಾರಿ ನನ್ನ ಬಳಿ ಬಂದರು. ಫೈಲು ಎತ್ತಿದರು. ಕೆಳಗೆ ಹಸಿರು ಫೋನಿನ ರಿಸೀವರ್ ಹಾಗೇ ಮಲಗಿತ್ತು. ಅದನ್ನು ಕಿವಿಗಿಟ್ಟು ಕೇಳಿ, ನನ್ನತ್ತ ಚಾಚಿದರು. "ಇದು ಇನ್ನೂ ಚಾಲೂ ಇದೆ."

ಕಿವಿಗಿಟ್ಟೆ. "ಸರ್, ಇದ್ದೀರಾ?" ಅಂತ ಅದೇ ದನಿ.

"ಇದ್ದೀನಿ... ಇದ್ದೀನಮ್ಮ."

"ನೀರು ಕೊಡಬಹುದಾ ಅಂತ ಕೇಳಿದ್ದೆ."

"ಬೇಡ! ಕೊಡಬೇಡಿ! ಒಂದು ಹನಿಯನ್ನೂ ಕೊಡಬೇಡಿ!"

"ಹನ್ನೊಂದೂವರೆಗೆ ಕೊಟ್ವಿ ಸರ್. ಮಕ್ಕಳು ಅಳ್ತಿದ್ರು." ಫೋನು ಇಟ್ಟ ಸದ್ದು.

ಅದು ಆಟ ಅಂತ ಗೊತ್ತಿತ್ತು. ಆ ಆಸ್ಪತ್ರೆ ಇಲ್ಲ, ಆ ಮಕ್ಕಳಿಲ್ಲ, ಜಲಾಶಯವೂ ಇಲ್ಲ. ಆದರೂ ಫೋನನ್ನು ಅದರ ಜಾಗದಲ್ಲಿ ಇಡಲು ಮೂರು ಸಲ ಪ್ರಯತ್ನಿಸಬೇಕಾಯಿತು.

ಕೊನೆಯಲ್ಲಿ ತೀರ್ಪು. ಸತ್ತವರ ಸಂಖ್ಯೆ ಪರದೆಯ ಮೇಲೆ ಓಡಿ ಸಾವಿರದ ನೂರನಲವತ್ತಕ್ಕೆ ನಿಂತಿತು. "ನಮ್ಮ ಕಾರ್ಯಕ್ರಮದ ಎರಡನೇ ಅತಿ ಕೆಟ್ಟ ಫಲಿತಾಂಶ" ಅಂದರು ಸೇನಾಧಿಕಾರಿ, ಮಾಮೂಲಿ ದನಿಯಲ್ಲೇ. ಮೊದಲನೆಯದು ಯಾರದ್ದು ಅಂತ ಆಸೆಯಿಂದ ಕೇಳಿದೆ. ಯಾರೋ ಒಬ್ಬ, ಗಾಬರಿಯಲ್ಲಿ ನಕಾಶೆ ತಲೆಕೆಳಗಾಗಿ ಹಿಡಿದು, ಸಂಬಂಧವೇ ಇಲ್ಲದ ದೇಶದ ಮೇಲೆ ಯುದ್ಧ ಸಾರಿದ್ದನಂತೆ. ಅವನ ಬಗ್ಗೆ ನನಗೆ ಇವತ್ತಿಗೂ ಗೌರವ. ಏನೋ ಒಂದು ತೀರ್ಮಾನ ಅಂತ ಮಾಡಿದನಲ್ಲ.

ಹೊರಬರುವಾಗ ಓಣಿಯಲ್ಲಿ ನರ್ಸಿನ ಟೋಪಿ ತೆಗೆದು ಬಿಸ್ಕತ್ತು ತಿನ್ನುತ್ತಿದ್ದ ಹೆಂಗಸು ಸಿಕ್ಕಳು. ನಾಟಕದಾಕೆ. "ನೀವೇನಾ ಕನ್ನಡಕದವರು? ಬೇಜಾರು ಮಾಡ್ಕೋಬೇಡಿ ಸರ್, ಫೋನ್ ಇಡಬೇಡ ಅಂದಿದ್ರು, ನಾನೂ ಹಾಗೇ ಕೂತಿದ್ದೆ. ನೋಡಿ, ಒಂದು ತೋಳು ಪೂರ್ತಿ ಆಯ್ತು" ಅಂತ ಚೀಲದಿಂದ ಹೆಣೆಯುತ್ತಿದ್ದ ಸ್ವೆಟರ್ ತೆಗೆದು ತೋರಿಸಿದಳು. ನೀಲಿ ಉಲ್ಲನ್ನು, ಸಾಲು ಸಾಲಾಗಿ ಬಿಗಿಯಾಗಿ ಹೆಣೆದಿದ್ದಳು. "ಚೆನ್ನಾಗಿದೆ" ಅಂದೆ. ಅಷ್ಟೂ ಹೊತ್ತು ನಾನು ಮರೆತದ್ದು ಅಷ್ಟುದ್ದ ಇತ್ತು.

ಮನೆಗೆ ಬಂದು ಏನು ಹೇಳಿದೆ? "ಚೆನ್ನಾಗಾಯ್ತು" ಅಂದೆ. "ಕಷ್ಟದ ಪ್ರಶ್ನೆ ಕೊಟ್ಟಿದ್ರು, ಆದ್ರೆ ನಿಭಾಯಿಸಿದೆ." ಹೇಗೂ ಎಂಟು ಗಂಟೆಯದ್ದನ್ನು ಒಂದು ಗಂಟೆಗೆ ಕತ್ತರಿಸುತ್ತಾರೆ, ಒಳ್ಳೆಯದನ್ನೇ ಉಳಿಸುತ್ತಾರೆ ಅಂತ ನಂಬಿದ್ದೆ. ಎಷ್ಟು ನಂಬಿದ್ದೆ ಅಂದರೆ ಪ್ರಸಾರದ ಸಂಜೆಗೆ ನಮ್ಮ ಕಟ್ಟಡದ ಹನ್ನೆರಡು ಮನೆಯವರನ್ನೂ ಕರೆದೆ. ಕುರ್ಚಿ ಸಾಲದೆ ಅಂಗಡಿಯಿಂದ ಸ್ಟೂಲು ತರಿಸಿದೆ.

ಒಳ್ಳೆಯದು ಅಂತ ಏನೂ ಇರಲಿಲ್ಲವಾದ್ದರಿಂದ ಉಳಿಸಲೂ ಆಗಿರಲಿಲ್ಲ. ಗದ್ದ ಇಲ್ಲಿಡಿ ಅನ್ನುವುದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆಮೇಲೆ ಊಟದ ದೃಶ್ಯ ಬಂತು. ಕ್ಯಾಮೆರಾ ನನ್ನ ತಟ್ಟೆಯಿಂದ ನಿಧಾನವಾಗಿ ಸರಿದು, ಫೈಲಿನ ಕೆಳಗಿಂದ ಇಣುಕುತ್ತಿದ್ದ ಹಸಿರು ಫೋನಿನ ಮೇಲೆ ನಿಂತಿತು. ಹಿನ್ನೆಲೆಯಲ್ಲಿ ನನ್ನದೇ ದನಿ: "ಇನ್ನೊಂದು ಮೊಟ್ಟೆ ಇದೆಯಾ?" ಯಾರೂ ನಗಲಿಲ್ಲ. ಕಾರ್ಯಕ್ರಮ ಮುಗಿದಾಗ ಜನ ಒಬ್ಬೊಬ್ಬರಾಗಿ, ಚಪ್ಪಲಿ ಸದ್ದಾಗದ ಹಾಗೆ ಹೋದರು. ಸಾವಿನ ಮನೆಯಿಂದ ಹೋಗುವ ಹಾಗೆ.

ಮರುದಿನದಿಂದ ಬೀದಿಯಲ್ಲಿ ನನಗೆ 'ಒಂದ್ನಿಮಿಷ ಇರಿ' ಅಂತಲೇ ಹೆಸರು. ಬೀಗ ರಿಪೇರಿಯವನು ದಿನಾ ಬೆಳಗ್ಗೆ ಶಟರ್ ಎತ್ತುವಾಗ "ಕಣ್ಣು ಮಿಟುಕಿಸಬೇಡಿ!" ಅಂತ ಕೂಗುತ್ತಿದ್ದ. ಔಷಧಿ ಅಂಗಡಿಯಾಕೆ ಬಾಟಲಿ ನೀರು ತಂದುಕೊಟ್ಟು, "ಪರೀಕ್ಷೆ ಆಗಿದೆ, ಕುಡೀಬಹುದು" ಅಂದಳು. ಕಣ್ಣು ಸರಿಯಿದ್ದವರೂ ಕನ್ನಡಕ ನೋಡುವ ನೆಪದಲ್ಲಿ ಬಂದು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹೆಂಡತಿ ಅವರನ್ನೂ ಬಿಡದೆ, ತಲಾ ಒಂದು ತಂಪು ಕನ್ನಡಕ ಹಾಕಿಸಿ ಕಳಿಸಿದಳು. ನನಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅತ್ತೆ ಮಾತು ಬಿಟ್ಟರು. ಮೂರು ದಿನ. ನಾಲ್ಕನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಾ, ನನ್ನತ್ತ ತಿರುಗದೆಯೇ ಹೇಳಿದರು.

"ನೀವು ಗೇಟು ಮುಚ್ಚಿಸ್ಲಿಲ್ಲ, ಅದು ಸರಿ ಬಿಡಿ. ದೊಡ್ಡ ವಿಷಯ, ಯಾರಿಗಾದ್ರೂ ಕಷ್ಟ. ಆದ್ರೆ ಲೈನಲ್ಲಿ ಇರಿ ಅಂದ್ಮೇಲೆ ವಾಪಸ್ ಹೋಗ್ಬೇಕು."

"ಮರೆತುಬಿಟ್ಟೆ ಅತ್ತೆ."

"ನಾನೂ ಮರ್ತಿದ್ದೆ" ಅಂದರು. ಕೆಲಸಕ್ಕೆ ಸೇರಿದ ಎರಡನೇ ವರ್ಷವಂತೆ. ಯಾರೋ ಹೆಂಗಸು ಆಸ್ಪತ್ರೆಗೆ ಲೈನ್ ಕೊಡಿ ಅಂದಳು. ಎಲ್ಲ ಲೈನೂ ತುಂಬಿತ್ತು. ಇರಿ ಅಂದು ಬೇರೆ ಎಂಟು ಕರೆ ನೋಡಿ, ನೆನಪಾಗಿ ವಾಪಸ್ ಹೋದರೆ ಲೈನು ತೆರೆದೇ ಇದೆ, ಮಾತಿಲ್ಲ. "ಹಲೋ ಹಲೋ ಅಂತ ಎಷ್ಟು ಕೂಗಿದೆ. ಹಿಂದೆ ಎಲ್ಲೋ ರೇಡಿಯೋ ಹಾಡ್ತಿತ್ತು. ಯಾರು, ಏನಾಯ್ತು, ಇವತ್ತಿಗೂ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ಲಕ್ಷ ಕರೆ ಜೋಡಿಸಿದೀನಿ. ಒಂದೂ ನೆನಪಿಲ್ಲ, ಅದೊಂದು ಬಿಟ್ಟು."

ಲೋಟ ನನ್ನ ಮುಂದೆ ಇಟ್ಟರು. ನಾನು ಏನೋ ಹೇಳಲು ಹೋದೆ. "ಮುಗೀತು" ಅಂದರು ಅವರು. "ಚಹಾ ಕುಡೀರಿ."

ಇಷ್ಟಕ್ಕೇ ನಿಂತಿದ್ದರೆ ನಾನು ಗಂಭೀರ ಮನುಷ್ಯನಾಗಿ ಉಳಿಯುತ್ತಿದ್ದೆನೋ ಏನೋ. ಆದರೆ ನನ್ನಂಥವನಿಗೆ ಬುದ್ಧಿ ಬಂದರೆ ಅದೂ ಅಪಾಯವೇ.

ಎರಡು ವಾರದ ಮೇಲೆ ಒಂದು ಬೆಳಗ್ಗೆ ಏಳು ಗಂಟೆಗೆ, ಬಚ್ಚಲಿನ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದರೆ ನೀರಿಗೆ ಏನೋ ವಾಸನೆ. ಸುಟ್ಟ ಟೈರಿನ ಹಾಗೆ. ನನ್ನ ತಲೆಯೊಳಗೆ ಹಸಿರು ಫೋನು ರಿಂಗಾಗತೊಡಗಿತು. ಈ ಸಲ ಯಾರನ್ನೂ ಕೇಳಲಿಲ್ಲ. ಬನಿಯನ್‌ನಲ್ಲೇ ಕೆಳಗೆ ಓಡಿ, ಇಡೀ ಕಟ್ಟಡದ ನೀರಿನ ವಾಲ್ವು ತಿರುಗಿಸಿ ಮುಚ್ಚಿದೆ. ಯಾರೂ ತೆಗೆಯಬಾರದು ಅಂತ ಅದರ ಹಿಡಿಯನ್ನು ಕಳಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಮೂರು ಅಂತಸ್ತು ಹತ್ತಿ ಹನ್ನೆರಡು ಬಾಗಿಲನ್ನೂ ಬಡಿದೆ. "ನೀರು ಮುಟ್ಟಬೇಡಿ! ಕುಡಿದಿದ್ರೆ ಕಕ್ಕಿಬಿಡಿ!"

ಮೇಲಿನ ಮನೆಯ ಗಣಿತದ ಟೀಚರು ತಲೆತುಂಬ ಶಾಂಪೂ ನೊರೆ ಹೊತ್ತುಕೊಂಡು ಹೊರಬಂದರು. "ಎಷ್ಟು ಹೊತ್ತು?" ಅಂದರು, ಒಂದು ಕಣ್ಣು ಮುಚ್ಚಿಕೊಂಡು.

"ಪರೀಕ್ಷೆ ಆಗೋವರೆಗೂ" ಅಂದೆ. ಹೇಳುವಾಗ ನನ್ನ ದನಿ ಸೇನಾಧಿಕಾರಿಯದ್ದರ ಹಾಗೆ ತಣ್ಣಗಿತ್ತು. ಜೀವನದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು.

ನೀರು ಸರಬರಾಜು ಕಚೇರಿಯಿಂದ ಒಬ್ಬ ಬರುವಷ್ಟರಲ್ಲಿ ಹನ್ನೆರಡು ಗಂಟೆ. ಅವನು ಟ್ಯಾಂಕಿನ ನೀರು ಮೂಸಿದ, ಸೀಸೆಗೆ ಹಾಕಿ ಅಲ್ಲಾಡಿಸಿದ, ಬಣ್ಣದ ಹನಿ ಬಿಟ್ಟ. ಏನೂ ಇಲ್ಲ. ವಾಲ್ವು ತೆಗೆಸಿ ಎಲ್ಲ ಮನೆಯ ನಲ್ಲಿಯನ್ನೂ ನೋಡಿದ. ಏನೂ ಇಲ್ಲ. ಕೊನೆಗೆ ನಮ್ಮ ಬಚ್ಚಲಿಗೆ ಬಂದು, ನಲ್ಲಿ ಬಿಚ್ಚಿ, ಒಳಗಿನಿಂದ ಹೊಸ ಕಪ್ಪು ರಬ್ಬರ್ ವಾಷರನ್ನು ತೆಗೆದು ನನ್ನ ಮೂಗಿಗೆ ಹಿಡಿದ.

"ಇದನ್ನ ಯಾರು ಹಾಕಿದ್ದು?"

ಹಿಂದಿನ ಸಂಜೆ ನಾನೇ ಹಾಕಿದ್ದೆ.

ಅವನು ಹೋದ ಕೂಡಲೇ ಮೆಟ್ಟಿಲ ಮೇಲೆ ಕಟ್ಟಡದವರ ಸಭೆ ಸೇರಿತು. ಐದು ಗಂಟೆ ನೀರಿಲ್ಲದೆ ಕೂತ ಹನ್ನೆರಡು ಮನೆಯವರು. ನೊರೆ ಒಣಗಿದ ಕೂದಲಿನ ಟೀಚರೇ ಅಧ್ಯಕ್ಷರು. ನಾನು ಕೆಳಗಿನ ಮೆಟ್ಟಿಲಲ್ಲಿ ವಾಲ್ವಿನ ಹಿಡಿ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ. ಬಯ್ಯುವುದೆಲ್ಲ ಬೈದಾದ ಮೇಲೆ ಟೀಚರು, "ಇವರಿಗೆ ನೀರಿನ ಬಗ್ಗೆ ಇಷ್ಟೊಂದು ಕಾಳಜಿ ಇದೆ. ಟ್ಯಾಂಕ್ ತೊಳೆಯೋರು ಯಾರೂ ಇಲ್ಲ, ನಾಲ್ಕು ವರ್ಷ ಆಯ್ತು. ಇವರೇ ನೋಡ್ಕೊಳ್ಳಲಿ. ಒಪ್ಪೋರು ಕೈ ಎತ್ತಿ" ಅಂದರು. ಮೊದಲು ಮೇಲೆ ಹೋದದ್ದು ನನ್ನ ಹೆಂಡತಿಯ ಕೈ.

ಈಜಿನಾಕೆಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಎರಡು ನಿಮಿಷ ನಕ್ಕಳು. "ಸರ್, ವಾಸನೆ ಒಂದು ನಲ್ಲೀಲಿದೆಯಾ ಎಲ್ಲ ನಲ್ಲೀಲಿದೆಯಾ ಅಂತ ಪಕ್ಕದ ಮನೇಲಿ ಕೇಳಿದ್ರೆ ಸಾಕಿತ್ತಲ್ಲ" ಅಂದಳು. ಆಮೇಲೆ, ಪೂಲಿನಲ್ಲಿ ಬಳಸುವ ಪರೀಕ್ಷೆಯ ಪಟ್ಟಿಗಳ ಒಂದು ಡಬ್ಬಿ ಕಳಿಸಿಕೊಟ್ಟಳು, ಹೇಗೆ ಅದ್ದಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಅದರ ಮೇಲೆ ಬರೆದು.

ಮೊದಲ ಸಲ ಟ್ಯಾಂಕಿಗೆ ಇಳಿದಾಗ ತಳದಲ್ಲಿ ಗೇಣುದ್ದ ಕೆಸರು, ಒಂದು ಹಲ್ಲುಜ್ಜುವ ಬ್ರಷ್, ಎರಡು ಪಾರಿವಾಳದ ಗರಿ. ವಾಷರಿನ ಬದಲು ಇದಕ್ಕೆ ನಾನು ಹೆದರಬೇಕಿತ್ತು. ನಾಲ್ಕು ವರ್ಷ ಎಲ್ಲರೂ ಇದನ್ನೇ ಕುಡಿದಿದ್ದೆವು. ಮೇಲೆ ಬಾಯಿಯ ಬಳಿ ಅತ್ತೆ ಸ್ಟೂಲು ಹಾಕಿಕೊಂಡು ಕೂತು ಟಾರ್ಚು ಬಿಡುತ್ತಿದ್ದರು. "ಎಡಗಡೆ ಮೂಲೆ... ಅಲ್ಲ, ನಿಮ್ಮೆಡ... ಹಾಂ, ಅಲ್ಲಿ ತಿಕ್ಕಿ" ಅಂತ ಆಪರೇಟರಿನ ದನಿಯಲ್ಲಿ. ಮಂಡಿಯವರೆಗೆ ಒದ್ದೆಯಾಗಿ, ಬಗ್ಗಿ ಬಗ್ಗಿ ಸೊಂಟ ಹಿಡಿದು, ಕೆಸರನ್ನು ಬಕೆಟ್ಟಿಗೆ ತುಂಬಿ ಹಗ್ಗಕ್ಕೆ ಕಟ್ಟಿದೆ. ಟೀಚರು ಮೇಲಿನಿಂದ ಎಳೆದು ಒಳಗೆ ನೋಡಿದರು. ಸುರಿದು ಬಂದು, ಖಾಲಿ ಬಕೆಟ್ಟು ಮತ್ತೆ ಇಳಿಬಿಟ್ಟರು.

ಈಗ ಪ್ರತಿ ಭಾನುವಾರ ಪಟ್ಟಿ ಅದ್ದಿ ನೋಡುತ್ತೇನೆ, ತಿಂಗಳಿಗೊಮ್ಮೆ ಒಳಗಿಳಿದು ತಿಕ್ಕುತ್ತೇನೆ. ಫಲಿತಾಂಶವನ್ನು ಮೆಟ್ಟಿಲ ಗೋಡೆಗೆ ಅಂಟಿಸುತ್ತೇನೆ. ಕೆಲವರು ಅದರ ಪಕ್ಕ ಪೆನ್ಸಿಲಿನಲ್ಲಿ ಏನೇನೋ ಬರೆಯುತ್ತಾರೆ. ಅದನ್ನೂ ಓದುತ್ತೇನೆ. ಕೈ ತೊಳೆದು, ಒಣ ಬಟ್ಟೆ ಹಾಕಿಕೊಂಡು ಬರುವಷ್ಟರಲ್ಲಿ ತಡವಾಗುವುದರಿಂದ, ಭಾನುವಾರ ಅಂಗಡಿಯ ಕತ್ತಲೆ ಕೋಣೆ ಹನ್ನೊಂದರ ಮೇಲೆಯೇ ತೆಗೆಯುವುದು.